ನೂರ ಹದಿನೇಳನೆಯ ಸಾಲು

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಗುಮಾಸ್ತ ಏಳು ಮನೆಗಳಿಗೆ ಫೋನು ಮಾಡಿ ಮುಗಿಸಿದ್ದ. ಏಳರಲ್ಲಿ ಐವರು ಇದ್ದರು, ಇಬ್ಬರು ಇರಲಿಲ್ಲ. ಇದ್ದವರ ಸಾಲಿನಲ್ಲಿ ಒಂದು ಗುರುತು ಹಾಕಿದರೆ ಆಯಿತು. ಇಲ್ಲದವರ ಮನೆಯಲ್ಲಿ ಮಾತ್ರ ತಾರೀಕು ಕೇಳಬೇಕು. "ತಿಳಿದು ಬಹಳ ಬೇಸರವಾಯಿತು ತಾಯಿ, ತಾರೀಕೊಂದು ಹೇಳಿದರೆ..." ಎಂದು ಇವನು ತಡವರಿಸುವಷ್ಟರಲ್ಲಿ ಆ ಕಡೆಯವರು ಒಳಗಿನ ಯಾರನ್ನೋ ಕೂಗಿ ಕೇಳುವುದು, ಅವರು ಒಂದು ತಾರೀಕು ಹೇಳುವುದು, ಇವರು ಅಲ್ಲವೆನ್ನುವುದು, ಸಣ್ಣದೊಂದು ಜಗಳವೇ ಆಗಿಬಿಡುವುದು, ಎಲ್ಲ ಕಿವಿಗೆ ಬೀಳುತ್ತಿತ್ತು. ಇವತ್ತು ಒಬ್ಬ ಮುದುಕಿ, "ತಾರೀಕು ನೆನಪಿಲ್ಲಪ್ಪ, ಅವತ್ತು ಅವರ ಬಟ್ಟೆ ಒಗೆದು ಹಾಕಿದ್ದೆ, ಇನ್ನೂ ಒಣಗಿರಲಿಲ್ಲ" ಎಂದಿದ್ದಳು. ಇದನ್ನು ಯಾವ ಕಾಲಮಿನಲ್ಲಿ ಬರೆಯುವುದು? ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ 'ಬಟ್ಟೆ ಒಣಗಿರಲಿಲ್ಲ' ಎಂದು ಬರೆದ. ಬರೆದ ಮೇಲೆ, ಯಾರಾದರೂ ನೋಡಿದರೆ ಮುದುಕನಿಗೆ ಅರಳುಮರಳು ಎಂದಾರೆಂದು ರಬ್ಬರಿನಿಂದ ತಿಕ್ಕಿ ಅಳಿಸಿದ. ಕಾಗದದ ಮೇಲೆ ಮಾಸಲು ಕಲೆ ಉಳಿಯಿತು.

ಆಸ್ಪತ್ರೆಯ ಹಳೆಯ ಕಡತಗಳ ಕೋಣೆ ನೆಲಮಟ್ಟಕ್ಕಿಂತ ಕೆಳಗೆ ಇತ್ತು. ಕಿಟಕಿಯೆಂಬುದು ತಲೆಯ ಮೇಲಿನ ಒಂದು ಉದ್ದನೆಯ ಸೀಳು. ಅದರಲ್ಲಿ ಹೊರಗೆ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಮೂವತ್ತನಾಲ್ಕು ವರ್ಷ ಅವನು ಆ ಕಾಲುಗಳನ್ನು ನೋಡಿಕೊಂಡು, ಕೆಳಗೆ ಬಂದ ಕಡತಗಳಿಗೆ ನಂಬರು ಹಾಕಿ ಕಪಾಟಿಗೆ ಸೇರಿಸಿದ್ದ. ನಿವೃತ್ತಿಯಾದರೂ ಬಿಡಲಿಲ್ಲ. ಯಾವ ಕಾಗದ ಎಲ್ಲಿದೆಯೆಂದು ಬೇರೆ ಯಾರಿಗೂ ತಿಳಿಯದು ಎಂದು ವರ್ಷವರ್ಷವೂ ಉಳಿಸಿಕೊಂಡರು. ಈಗ ಹನ್ನೊಂದು ತಿಂಗಳಿಂದ ಅದೇ ಕೋಣೆಯ ಮೂಲೆಯಲ್ಲಿ ಒಂದು ಮೇಜು, ಎರಡು ಕಂಪ್ಯೂಟರು ಹಾಕಿಕೊಂಡು ಡಾಕ್ಟರಮ್ಮ ಕೂತಿದ್ದಾಳೆ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿ, ಅದಕ್ಕೆ ಕೊಳವೆ ಹಾಕಿಸಿಕೊಂಡವರು ಮುನ್ನೂರ ನಲವತ್ತು ಜನ. ಆಪರೇಷನ್ನಿಗೆ ಮೊದಲು ತೆಗೆದ ಸ್ಕ್ಯಾನಿನಲ್ಲಿ ಸೊಂಟದ ಬೆನ್ನುಮೂಳೆಯ ಮೂರನೇ ಮಣಿಯ ಮಟ್ಟದಲ್ಲಿ ಒಂದೇ ಒಂದು ಚಿತ್ರ ಆರಿಸಿ, ಮರದ ದಿಮ್ಮಿಯನ್ನು ಅಡ್ಡ ಕೊಯ್ದರೆ ಬಳೆಬಳೆಯಾಗಿ ಕಾಣುತ್ತದಲ್ಲ ಹಾಗೆ, ಅದರೊಳಗೆ ಅವಳು ಗೆರೆ ಎಳೆಯುತ್ತಾಳೆ. ಮಾಂಸಖಂಡಕ್ಕೆ ಕೆಂಪು, ಚರ್ಮದ ಕೆಳಗಿನ ಕೊಬ್ಬಿಗೆ ಹಳದಿ, ಕರುಳಿನ ಸುತ್ತಲಿನ ಕೊಬ್ಬಿಗೆ ನೀಲಿ. "ಕೊಳವೆ ಹೇಗಿದೆ ಅಂತ ಎಲ್ಲರೂ ನೋಡ್ತಾರೆ ತಾತ. ಕೊಳವೆ ಹೊತ್ತ ಮೈ ಹೇಗಿತ್ತು ಅಂತ ನಾನು ನೋಡ್ತಿದ್ದೀನಿ. ಎಷ್ಟು ವರ್ಷ ಬದುಕಿದ್ರು ಅಂತ ನೀವು ಕೇಳಿ ಹೇಳಿ" ಎಂದು ಮೊದಲ ದಿನವೇ ಕೆಲಸ ಹಂಚಿದ್ದಳು. ಅವಳ ಪಟ್ಟಿಯಲ್ಲಿ ಹೆಸರುಗಳಿಲ್ಲ, ನಂಬರುಗಳು ಮಾತ್ರ. ಯಾವ ನಂಬರು ಯಾವ ಮನೆ ಎಂಬ ಪಟ್ಟಿ ಗುಮಾಸ್ತನ ಮೇಜಿನ ಖಾನೆಯಲ್ಲಿ, ಬೀಗದೊಳಗೆ. ಅದನ್ನು ಅವಳು ನೋಡಕೂಡದು, ನೋಡಿಯೂ ಇಲ್ಲ.

ಮುಂದಿನ ಸಾಲು ನೂರ ಹದಿನೇಳು. ಮೂರು ತಿಂಗಳಿಗೊಮ್ಮೆ ಇದು ಸುತ್ತಿ ಬಂದು ಇವನ ಬೆರಳಿನ ಕೆಳಗೆ ನಿಲ್ಲುತ್ತದೆ. ಫೋನನ್ನು ಎತ್ತಿದ, ಕಿವಿಗೆ ಹಿಡಿದ, ಯಾವ ಗುಂಡಿಯನ್ನೂ ಒತ್ತದೆ ಅದರ ಒಣ ಗುಂಯ್ ಸದ್ದನ್ನು ಕೇಳಿದ, ಇಟ್ಟ. ಗುರುತು ಹಾಕಿದ: ಇದ್ದಾರೆ. ಇದು ನಾಲ್ಕನೆಯ ಸಲ. ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತು ಮನೆಮಂದಿಯ ಹೆಸರುಗಳನ್ನು ಒಂದೊಂದಾಗಿ ಹೇಳಿ ಕಾಪಾಡು ಎನ್ನುವಾಗಲೂ ಹೀಗೆಯೇ. ತೀರಿಹೋದವರ ಹೆಸರುಗಳನ್ನು ಹೇಳುವುದು ಕೊನೆಗೆ, ಬೇರೆ ಉಸಿರಿನಲ್ಲಿ. ಹೆಂಡತಿಯ ಹೆಸರು ಇನ್ನೂ ಮೊದಲನೆಯ ಉಸಿರಿನಲ್ಲೇ ಬಂದುಬಿಡುತ್ತದೆ. ದೇವರು ತಿದ್ದಲಿಲ್ಲ, ಇವನೂ ತಿದ್ದಿಕೊಳ್ಳಲಿಲ್ಲ. ಆದರೆ ದೇವರ ಮುಂದೆ ನಾಲಿಗೆ ತಪ್ಪುವುದು ಬೇರೆ, ಆಸ್ಪತ್ರೆಯ ಕಾಗದದಲ್ಲಿ ಕೈ ತಪ್ಪುವುದು ಬೇರೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಬರೆದವನಲ್ಲ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಜ್ವರ ಬಂತು, ಎದೆಗಿಳಿಯಿತು, ಒಂಬತ್ತು ದಿನ. ಕೊಳವೆಗೆ ಏನೂ ಆಗಿರಲಿಲ್ಲ, ಕೊಳವೆ ಭದ್ರವಾಗಿತ್ತು.

ಮೊದಲನೆಯ ಸಲ ಆ ಗುರುತು ಹಾಕಿದ ದಿನ ಅವನಿಗೆ ಸುಳ್ಳು ಬರೆಯುವ ಮನಸ್ಸೇನೂ ಇರಲಿಲ್ಲ. ನಂಬರು ಕೊಡುವುದಕ್ಕಾಗಿ ಕಡತಗಳನ್ನು ಕೆಳಗಿಳಿಸಿ ಧೂಳು ಕೊಡವುತ್ತಿದ್ದಾಗ ಅವಳದೂ ಕೈಗೆ ಬಂತು. ತೆರೆಯಬೇಕಾಗಿರಲಿಲ್ಲ, ತೆರೆದ. ಮನೆಗೆ ಕಳಿಸುವಾಗ ಕೊಡುವ ಸೂಚನೆಯ ಕಾಗದ ಅದರಲ್ಲಿತ್ತು. ಅದರ ಮೊದಲನೆಯ ಹಾಳೆ ಇವನ ಮನೆಯ ಅಡಿಗೆಮನೆಯ ಗೋಡೆಯ ಮೇಲೆ ಏಳು ವರ್ಷ ಅಂಟಿಕೊಂಡಿತ್ತು; ಅದರ ಒಂದೊಂದು ಸಾಲೂ ಇವನಿಗೆ ಬಾಯಿಪಾಠ. ಭಾರ ಎತ್ತಬಾರದು. ಮೆಟ್ಟಿಲು ಹತ್ತಬಾರದು. ಬಗ್ಗಿ ಕೆಲಸ ಮಾಡಬಾರದು. ವಿಶ್ರಾಂತಿ ಮುಖ್ಯ. ಕಡತದಲ್ಲಿ ಅದಕ್ಕೆ ಎರಡನೆಯ ಹಾಳೆಯೊಂದಿತ್ತು. ಅದರಲ್ಲಿ ಒಂದೇ ಸಾಲು: ಮೇಲಿನ ನಿರ್ಬಂಧಗಳು ಆರು ವಾರಗಳಿಗೆ ಮಾತ್ರ, ನಂತರ ದಿನವೂ ನಡೆಯಬೇಕು, ಮನೆಗೆಲಸ ಮಾಡಬೇಕು, ದೇಹಕ್ಕೆ ಬಲ ಬರುವುದು ಅಗತ್ಯ. ಆ ಹಾಳೆಯ ಮೂಲೆಯಲ್ಲಿ ಕಡತಕ್ಕೆ ಸೇರಿಸಿದ ತಾರೀಕೂ ಇನಿಷಿಯಲ್ಲೂ ಇದ್ದವು. ಇನಿಷಿಯಲ್ ಇವನದೇ. ಎರಡು ಹಾಳೆ ಬಂದರೆ ಮೊದಲನೆಯದು ರೋಗಿಗೆ, ಎರಡನೆಯದು ಕಡತಕ್ಕೆ, ಹಾಗೆಂದು ಅಭ್ಯಾಸ. ಯಾರು ಮಾಡಿದ ಅಭ್ಯಾಸವೋ ತಿಳಿಯದು. ಮುನ್ನೂರು ಜನರ ಕಡತ ತೆಗೆದು ನೋಡಿದರೆ ಮುನ್ನೂರರಲ್ಲೂ ಸಿಗಬಹುದೇನೋ. ಇವನು ಬೇರೆ ಯಾವುದನ್ನೂ ತೆಗೆದು ನೋಡಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದು ಬಂದು, ಪಟ್ಟಿ ಬಿಡಿಸಿ, ನೂರ ಹದಿನೇಳರ ಮುಂದೆ 'ಇದ್ದಾರೆ' ಎಂದು ಹಾಕಿದ. ಇಲ್ಲವೆಂದು ಬರೆದರೆ ತಾರೀಕು ಬರೆಯಬೇಕಾಗುತ್ತಿತ್ತು, ಮುಂದಿನ ಕಾಲಮಿನಲ್ಲಿ ಕಾರಣ ಬರೆಯಬೇಕಾಗುತ್ತಿತ್ತು. ಕಾರಣ ಅವನ ಕೈಯಲ್ಲೇ, ಎರಡನೆಯ ಹಾಳೆಯಾಗಿ ಇತ್ತಲ್ಲ.

ಕಿಟಕಿಯ ಹತ್ತಿರ ಬೆತ್ತದ ಕುರ್ಚಿ. ಅದರಲ್ಲಿ ಅವಳು, ಮೊಣಕಾಲ ಮೇಲೆ ಕಂಬಳಿ. ಲೋಟ ನೀರಿಗೂ ಏಳಬೇಡ ಎಂದು ಇವನು ಪಕ್ಕದಲ್ಲೊಂದು ಸಣ್ಣ ಮೇಜು ಇಟ್ಟಿದ್ದ, ಮೇಜಿನ ಮೇಲೆ ಕರೆಗಂಟೆ. "ರೀ, ನಾನೇನು ಗಾಜಿನ ಗೊಂಬೆನಾ? ಗಂಟೆ ಬಾರಿಸೋಕೆ ನಾನೇನು ಹೆಡ್‌ಮಾಸ್ತರಾ?" ಎಂದು ನಕ್ಕಿದ್ದಳು ಮೊದಮೊದಲು. ಆಮೇಲೆ ಏನೂ ಅನ್ನಲಿಲ್ಲ. ಸಂಜೆ ಐದೂ ನಲವತ್ತಕ್ಕೆ ಇವನು ಸೈಕಲ್ ನಿಲ್ಲಿಸಿ ಒಳಗೆ ಬಂದರೆ ಕೆಲವು ದಿನ ಅವಳ ಮುಖ ಕೆಂಪಾಗಿರುತ್ತಿತ್ತು, ಉಸಿರು ಏರಿಳಿಯುತ್ತಿತ್ತು. ಸುಮ್ಮನೆ ಕೂತವಳಿಗೇ ಇಷ್ಟು ಏದುಸಿರು, ಎದ್ದು ಓಡಾಡಿದರೆ ಗತಿಯೇನು ಎಂದು ಇವನು ಹೆದರುತ್ತಿದ್ದ. ಅಂಥ ದಿನ ರಾತ್ರಿಯ ಊಟವನ್ನೂ ಕುರ್ಚಿಗೇ ತಂದು ಕೊಡುತ್ತಿದ್ದ. ಹೂವಿನ ಹಾಗೆ ನೋಡಿಕೊಂಡೆ ಎಂದು ಅವಳು ಹೋದ ದಿನ ಬಂದವರ ಮುಂದೆಲ್ಲ ಹೇಳಿಕೊಂಡಿದ್ದ. ಹೂವನ್ನು ಕಿತ್ತ ಮೇಲಲ್ಲವೇ ಹಾಗೆ ನೋಡಿಕೊಳ್ಳುವುದು.

"ತಾತ, ಬನ್ನಿ ಇಲ್ಲಿ. ನಿಮಗೊಂದು ಪವಾಡ ತೋರಿಸ್ತೀನಿ. ದೇವರನ್ನ ನಂಬೋರು ನೀವು, ನೋಡಲೇಬೇಕು."

ಡಾಕ್ಟರಮ್ಮನ ಬಾಯಲ್ಲಿ ಬಿಸ್ಕತ್ತಿತ್ತು. ಅವಳ ಮೇಜಿನ ಮೇಲೆ ಯಾವಾಗಲೂ ಬಿಸ್ಕತ್ತಿನ ಪುಡಿ. ಅದನ್ನು ಇವನು ಸಂಜೆ ಹೋಗುವ ಮುಂಚೆ ಸದ್ದಿಲ್ಲದೆ ಒರೆಸಿ ಹೋಗುತ್ತಿದ್ದ. ಎದ್ದು ಹೋಗಿ ಅವಳ ಕುರ್ಚಿಯ ಹಿಂದೆ ನಿಂತ.

"ನೋಡಿ, ನೂರ ಹದಿನೇಳು. ಮುನ್ನೂರ ನಲವತ್ತರಲ್ಲಿ ಕೊನೆಯಿಂದ ಎರಡನೇದು. ಮಾಂಸಖಂಡ ಅಂತ ಹೇಳೋ ಹಾಗೇ ಇಲ್ಲ. ಆಪರೇಷನ್‌ಗೆ ಮುಂಚೇನೇ ಈ ಸ್ಥಿತಿ. ಇವರ ಅಕ್ಕಪಕ್ಕ ಇರೋ ಹತ್ತು ಜನರಲ್ಲಿ ಒಂಬತ್ತು ಜನ ನಾಲ್ಕು ವರ್ಷ ದಾಟಿಲ್ಲ. ಈ ಯಮ್ಮ ಎಂಟು ವರ್ಷ! ಇನ್ನೂ ಗಟ್ಟಿಯಾಗಿ ಕೂತಿದ್ದಾರೆ. ನನ್ನ ಗೆರೆಯೇ ತಪ್ಪಿರಬೇಕು ಅಂತ ಮೂರು ಸಲ ಎಳೆದೆ."

ಗುಮಾಸ್ತ ತೆರೆಯನ್ನು ನೋಡಲಿಲ್ಲ. ತೆರೆಯ ಪಕ್ಕದ ಗೋಡೆಯಲ್ಲಿ ಸುಣ್ಣ ಎದ್ದು ಬಂದಿತ್ತು, ಅದನ್ನು ನೋಡಿದ. ಆಪರೇಷನ್ನಿಗೆ ಮುಂಚೇನೇ ಎಂಬ ಮಾತು ಕಿವಿಯ ಬಾಗಿಲಲ್ಲಿ ನಿಂತಿತು, ಒಳಗೆ ಬರಲಿಲ್ಲ. ಒಳಗೆ ಬಂದದ್ದು ಗಟ್ಟಿಯಾಗಿ ಕೂತಿದ್ದಾರೆ ಎಂಬುದು.

"ಇವರು ಏನು ತಿಂತಾರೆ, ಏನು ಮಾಡ್ತಾರೆ, ನನಗೆ ಗೊತ್ತಾಗಬೇಕು. ನಾಳೆ ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ಕಳಿಸಬೇಕು ಇದನ್ನ. ಫೋನ್ ಮಾಡಿ ತಾತ, ನಾನೂ ಕೇಳಿಸಿಕೊಳ್ತೀನಿ."

"ಇದು ಫೋನಿನಲ್ಲಿ ಆಗೋ ಮಾತಲ್ಲ ಡಾಕ್ಟರಮ್ಮ. ಮನೆ ಹತ್ತಿರವೇ ಇದೆ. ಊಟಕ್ಕೆ ಹೋದಾಗ ನಾನೇ ಕೇಳಿಕೊಂಡು ಬರ್ತೀನಿ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದು ಅವನಿಗೆ ಮೆಟ್ಟಿಲು ಹತ್ತುವಾಗ ಹೊಳೆಯಿತು. ಹೊಳೆದು ಇನ್ನಷ್ಟು ನಾಚಿಕೆಯಾಯಿತು. ಸುಳ್ಳು ಹೇಳುವುದರಲ್ಲಿ ಕೈ ಪಳಗಿಬಿಟ್ಟಿತಲ್ಲ ಈ ವಯಸ್ಸಿಗೆ. ಅವಳು ಬಿಳಿ ಹಾಳೆಯೊಂದರಲ್ಲಿ ಆರು ಪ್ರಶ್ನೆಗಳನ್ನು ಬರೆದು ಕೊಟ್ಟಿದ್ದಳು. ಅದು ನಾಲ್ಕು ಮಡಿಕೆಯಾಗಿ ಅಂಗಿಯ ಜೇಬಿನಲ್ಲಿತ್ತು. ಸೈಕಲ್ ತುಳಿಯುವಾಗ ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು. ರಸ್ತೆಯಲ್ಲಿ ಎಂದಿನ ಮಧ್ಯಾಹ್ನ. ಕೀಲಿ ಮಾಡುವವನು ಅಂಗಡಿಯ ಮುಂದೆ ತೂಕಡಿಸುತ್ತಿದ್ದ, ಇಬ್ಬರು ಹೆಂಗಸರು ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಒಬ್ಬ ಮುದುಕ ಕೈಯಲ್ಲಿ ಭಾರದ ಡಬ್ಬ ಹಿಡಿದು ನಿಧಾನವಾಗಿ ರಸ್ತೆ ದಾಟಿದ. ಎಲ್ಲರೂ ಏನನ್ನಾದರೂ ಎತ್ತಿಕೊಂಡೇ ಇದ್ದರು. ಇವನಿಗೆ ಈಗ ಮನುಷ್ಯರು ಹೀಗೆಯೇ ಕಾಣುವುದು: ಅಂಗಿಯೊಳಗೆ, ಚರ್ಮದೊಳಗೆ, ಕೆಂಪಿನ ಒಂದು ಬಳೆ, ಕೆಲವರದು ದಪ್ಪ, ಕೆಲವರದು ನೂಲಿನಷ್ಟು.

ಮನೆಯಲ್ಲಿ ನಾದಿನಿ ತಟ್ಟೆ ಹಾಕಿ ಕಾದಿದ್ದಳು. ಎಂಟು ವರ್ಷದ ಹಿಂದೆ ಅಕ್ಕನ ಆಪರೇಷನ್ನಿಗೆಂದು ಹದಿನೈದು ದಿನಕ್ಕೆ ಬಂದವಳು, ಗಂಡ ಸತ್ತು ಮಕ್ಕಳಿಲ್ಲದವಳು, ಹಾಗೇ ಉಳಿದಿದ್ದಳು. ಬಾಯಿ ಜೋರು. ಬಾಯಿ ಜೋರಿದ್ದವರ ಕೈ ನಿಧಾನ ಎನ್ನುತ್ತಾರೆ, ಅವಳ ಕೈಯೂ ಜೋರೇ.

"ಏನು ಭಾವ, ತಟ್ಟೇನ ಓದ್ತಾ ಇದ್ದೀರಾ? ತಿನ್ನಿ."

"ತಿಂತೀನಿ."

"ನಿನ್ನೇನೂ ಹೀಗೇ ಅಂದ್ರಿ. ಕೊನೆಗೆ ಬೆಕ್ಕು ತಿಂತು."

ಊಟವಾದಂತೆ ಮಾಡಿ ಕೈ ತೊಳೆದು, ಬೆತ್ತದ ಕುರ್ಚಿಗೆ ಬೆನ್ನು ಮಾಡಿ ಮೇಜಿನ ಮುಂದೆ ಕೂತು ಹಾಳೆ ಬಿಡಿಸಿದ. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತಾರೆ? ಕೈ ಊರದೆ ಕುರ್ಚಿಯಿಂದ ಏಳಬಲ್ಲರೇ? ಮೆಟ್ಟಿಲು ಹತ್ತುತ್ತಾರೆಯೇ? ಭಾರ ಎತ್ತುತ್ತಾರೆಯೇ, ಎಷ್ಟು? ಏನು ಊಟ ಮಾಡುತ್ತಾರೆ? ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ? ಪೆನ್ನಿನ ಮುಚ್ಚಳ ತೆಗೆದ. ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಬರೆಯುತ್ತ ಹೋದರೆ ಕೊನೆಯದಕ್ಕೆ 'ನಾನು' ಎಂದು ಬರೆಯಬೇಕು. ತಪ್ಪೊಪ್ಪಿಗೆಯ ಕಾಗದವೊಂದನ್ನು ಆ ಹುಡುಗಿ ತಿಳಿಯದೆ ಎಷ್ಟು ಅಚ್ಚುಕಟ್ಟಾಗಿ ತಯಾರಿಸಿ ಕೊಟ್ಟಿದ್ದಾಳೆ. ಒಳ್ಳೆಯದನ್ನು ಬರೆದರೂ ಬರೆಯಬಹುದಿತ್ತು: ಅರ್ಧ ಗಂಟೆ ನಡೆಯುತ್ತಾರೆ, ಹಾಲು ಕುಡಿಯುತ್ತಾರೆ. ನಾಲ್ಕು ಗುರುತು ಹಾಕಿದ ಕೈಗೆ ಆರು ಸಾಲು ಹೆಚ್ಚೇ. ಆಗ ಅವಳು ಆ ಹುಡುಗಿಯ ಕಾಗದದಲ್ಲಿ, ದೊಡ್ಡ ಡಾಕ್ಟರ ಮೇಜಿನ ಮೇಲೆ, ಪವಾಡವಾಗಿ ಬದುಕಿಬಿಡುತ್ತಿದ್ದಳು. ಯಾರೋ ಅದನ್ನು ಓದಿ, ಇಷ್ಟು ಬಡಕಲು ಮೈಯವರಿಗೂ ಭಯವಿಲ್ಲ ಎಂದುಕೊಂಡು, ಇನ್ನೊಬ್ಬ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ ಮನೆಗೆ ಕಳಿಸುತ್ತಿದ್ದರು.

ಪೆನ್ನು ಕೆಳಗಿಟ್ಟ.

"ಯಾರದು ಇದು?" ನಾದಿನಿ ಹಿಂದೆ ಬಂದು ನಿಂತಿದ್ದಳು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ಓದಿದಳು. "ನೂರ ಹದಿನೇಳು. ಹೆಂಗಸು. ಎಂಟು ವರ್ಷದ ಹಿಂದೆ ಆಪರೇಷನ್ನು... ಭಾವ, ಇದು ಅಕ್ಕಂದಲ್ವಾ?"

ಅವನು ತಲೆಯಾಡಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ಗುರುತು, ಎರಡನೆಯ ಹಾಳೆ, ಮೂಲೆಯಲ್ಲಿದ್ದ ತನ್ನ ಇನಿಷಿಯಲ್ಲು. ಹೇಳುವಾಗ ಮೇಜಿನ ಮೇಲಿನ ಒದ್ದೆ ಲೋಟದ ಗುರುತನ್ನು ಬೆರಳಿನಿಂದ ಎಳೆದೆಳೆದು ದೊಡ್ಡದು ಮಾಡುತ್ತಿದ್ದ. "ನಾನೇ ಕೂರಿಸಿ ಕೊಂದೆ" ಎಂದ ಕೊನೆಗೆ. ಈ ಮಾತನ್ನು ದೇವರಿಗೂ ಹೇಳಿರಲಿಲ್ಲ.

ನಾದಿನಿ ಎದುರಿನ ಸ್ಟೂಲು ಎಳೆದುಕೊಂಡು ಕೂತಳು.

"ಸತ್ತವಳನ್ನ ಆಸ್ಪತ್ರೆ ಕಾಗದದಲ್ಲಿ ಬದುಕಿಸಿಟ್ಟಿದ್ದೀರಾ. ಒಳ್ಳೆ ಗುಮಾಸ್ತರು. ಇರಲಿ, ಪೆನ್ನು ತಗೊಳ್ಳಿ. ಹೇಳ್ತೀನಿ, ಬರೀರಿ. ನಡೀತಿದ್ಲಾ? ನಡೀತಿದ್ಲು. ನೀವು ಎಂಟೂವರೆಗೆ ಹೊರಟ್ರೆ ಎಂಟೂ ಮುಕ್ಕಾಲಿಗೆ ನಾವಿಬ್ರೂ ಹೊರಟ್ವಿ. ಕೆರೆ ಸುತ್ತ ಒಂದು ಸುತ್ತು. ಕೊನೆಕೊನೆಗೆ ಎರಡು."

ಅವನು ಅವಳ ಮುಖ ನೋಡಿದ.

"ಏನು ನೋಡ್ತೀರಾ? ಬರೀರಿ. ಕುರ್ಚಿಯಿಂದ ಕೈ ಊರದೆ ಏಳ್ತಿದ್ಲು. ಕೂತಿದ್ರೆ ತಾನೇ ಏಳೋದು! ಮೆಟ್ಟಿಲು, ಬಟ್ಟೆ ಒಣಗಿಸೋಕೆ ಮಹಡಿಗೆ ನಾನು ಹೋಗ್ತಿದ್ನಾ? ನನಗೆ ಮಂಡಿನೋವು. ಅವಳೇ ಹತ್ತೋದು, ಬಕೆಟ್ ಹಿಡ್ಕೊಂಡು. ಭಾರ ಎಷ್ಟು ಅಂತ ಕೇಳಿದ್ದಾರಲ್ಲ, ಅರ್ಧ ಬಕೆಟ್ ಒದ್ದೆ ಬಟ್ಟೆ ಅಂತ ಬರೀರಿ."

"ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಮ್ಮನ್ನ ಸಮಾಧಾನ ಮಾಡೋಕೆ ನಂಗೇನು ಹಣೆಬರಹ! ಆರು ವಾರ ಆದ್ಮೇಲೆ ತಪಾಸಣೆಗೆ ಹೋದ್ವಲ್ಲ, ನೀವು ಔಷಧಿ ಸಾಲಲ್ಲಿ ನಿಂತಿದ್ರಿ. ಡಾಕ್ಟರು ಅವಳಿಗೇ ಹೇಳಿದ್ರು, ನಾಳೆಯಿಂದ ನಡೀಬೇಕಮ್ಮ, ಕೂತ್ರೆ ಕೆಡ್ತೀಯ ಅಂತ. ನಾನು ಪಕ್ಕದಲ್ಲೇ ಇದ್ದೆ. ಭಾವನಿಗೆ ಹೇಳೋಣ ಅಂದೆ. ಬೇಡ ಕಣೇ ಅಂದ್ಲು. ಅವರು ಹೆದರಿಬಿಟ್ಟಿದ್ದಾರೆ, ಹೆದರಿದವರ ಕೈಗೆ ಒಂದು ಕೆಲಸ ಇರ್ಬೇಕು, ನನ್ನನ್ನ ನೋಡಿಕೊಳ್ಳೋ ಕೆಲಸ ಕಿತ್ಕೊಂಡ್ರೆ ಅವರೇ ಬಿದ್ದುಹೋಗ್ತಾರೆ ಅಂದ್ಲು. ನಿಮ್ಮ ಸೈಕಲ್ಲಿನ ಬ್ರೇಕು ಮೂಲೇಲಿ ಕಿರ್ ಅಂದ್ರೆ ಸಾಕು, ಎಲ್ಲಿದ್ರೂ ಓಡಿ ಬಂದು ಕೂತು ಕಂಬಳಿ ಎಳ್ಕೊಳ್ಳೋಳು. ಒಂದು ಸಲ ಸೌಟು ಕೈಯಲ್ಲೇ ಇತ್ತು, ಕಂಬಳಿ ಕೆಳಗೆ ಇಟ್ಕೊಂಡ್ಲು."

ಏದುಸಿರು. ಕೆಂಪಾದ ಮುಖ. ಐದೂ ನಲವತ್ತು. ಇವನು ಹಣೆ ಮುಟ್ಟಿ ನೋಡಿ, ಇನ್ನೂ ಒಂದು ದಿಂಬು ತಂದು ಬೆನ್ನಿಗೆ ಇಡುತ್ತಿದ್ದನಲ್ಲ, ಆಗ ಅವಳು ತುಟಿ ಬಿಗಿಹಿಡಿದು ಗೋಡೆಯ ಕಡೆ ನೋಡುತ್ತಿದ್ದದ್ದು ನೋವಿಗಲ್ಲ, ನಗುವಿಗೆ. ಆದರೂ ನಂಬಿಕೆ ಪೂರ್ತಿ ಕೂರಲಿಲ್ಲ. ಹೆಂಗಸರು ಸತ್ತವರ ಬಗ್ಗೆ ಇದ್ದದ್ದು ಇಲ್ಲದ್ದು ಸೇರಿಸಿ ಹೇಳುತ್ತಾರೆ, ಬದುಕಿದವರು ಊಟ ಮಾಡಲಿ ಎಂದು. ಹೀಗೆ ತೂಗುತ್ತಿದ್ದಾಗ ಹೆಂಡತಿಯ ಕಾಲು ನೆನಪಾಯಿತು. ಕೊನೆಯ ದಿನ ಅವಳ ಪಾದಗಳನ್ನು ತೊಳೆದವನು ಇವನೇ, ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಚ್ಚನೆಯ ನೀರಿನಲ್ಲಿ ಹಿಮ್ಮಡಿ ಹಿಡಿದಾಗ ಅಂಗೈಗೆ ಒರಟಾಗಿ ತಗುಲಿತ್ತು. ಬಿರುಕುಬಿಟ್ಟ, ಜಡ್ಡುಗಟ್ಟಿದ ಹಿಮ್ಮಡಿ, ಬಿರುಕಿನಲ್ಲಿ ಕೆರೆಯ ದಾರಿಯ ಕೆಮ್ಮಣ್ಣು. ತಿಕ್ಕಿದರೂ ಹೋಗಿರಲಿಲ್ಲ. ಏಳು ವರ್ಷ ಕುರ್ಚಿಯಲ್ಲಿ ಕೂತವರ ಕಾಲು ಮೆತ್ತಗಿರಬೇಕಲ್ಲವೇ? ಅಂಗೈಗೆ ಅವತ್ತೇ ಗೊತ್ತಿತ್ತು. ತಲೆಗೆ ಹತ್ತಲು ಹದಿನಾಲ್ಕು ತಿಂಗಳು ಬೇಕಾಯಿತು.

"ಏಳು ವರ್ಷ ಇಬ್ಬರೂ ಸೇರಿ ನನ್ನನ್ನ ಕೋಡಂಗಿ ಮಾಡಿದ್ರಾ?"

"ಮಾಡಿದ್ವಿ. ಏನೀಗ? ಅವಳಿಗೆ ಇಷ್ಟದ ಕೋಡಂಗಿ." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಒರೆಸುವುದು ಮುಗಿಯಲಿಲ್ಲ. "ಊಟದ್ದು ಬರೀರಿ. ಎಲ್ಲಾ ತಿಂತಿದ್ಲು, ನಿಮ್ಮ ಪಾಲಿನ ಮೊಟ್ಟೇನೂ ತಿಂತಿದ್ಲು. ಕೊನೇದು ಏನು? ಮನೇಲಿ ಯಾರು ನೋಡಿಕೊಳ್ತಾರೆ? ಅವಳೇ ನಮ್ಮಿಬ್ಬರನ್ನೂ ನೋಡಿಕೊಳ್ತಿದ್ಲು. ಹಾಗೇ ಬರೀರಿ, ಏನೂ ತಿದ್ದಬೇಡಿ."

ಅವನು ಹಾಗೇ ಬರೆದ. ಪ್ರತಿಯೊಂದು ಕ್ರಿಯಾಪದವೂ ಭೂತಕಾಲದಲ್ಲಿತ್ತು. ಆರು ಸಾಲು ಬರೆಯುವಷ್ಟರಲ್ಲಿ ಅವಳು ಆರು ಸಲ ಹೋದಳು. ಆದರೆ ಪ್ರತಿ ಸಲವೂ ಎದ್ದು ನಡೆದುಕೊಂಡು ಹೋದಳು.

ಮೂರು ಗಂಟೆಗೆ ಆಸ್ಪತ್ರೆಯ ಮೆಟ್ಟಿಲಿಳಿದಾಗ ಡಾಕ್ಟರಮ್ಮ ಕೈ ಚಾಚಿ ಹಾಳೆ ಇಸಿದುಕೊಂಡು ನಿಂತಲ್ಲೇ ಓದತೊಡಗಿದಳು. ಅವಳ ಮುಖದ ನಗು ಮೊದಲು ಹುಬ್ಬಿನಿಂದ, ಆಮೇಲೆ ಬಾಯಿಂದ ಇಳಿಯಿತು.

"'ನಡೆಯುತ್ತಿದ್ದಳು', 'ಏಳುತ್ತಿದ್ದಳು' ಅಂತ ಬರೆದಿದ್ದೀರಲ್ಲ ತಾತ. ಈಗ ಇಲ್ವಾ ಇವರು?"

"ಇಲ್ಲಮ್ಮ. ಹದಿನಾಲ್ಕು ತಿಂಗಳಾಯ್ತು. ನಾನು ನಾಲ್ಕು ಸಲ ತಪ್ಪು ಗುರುತು ಹಾಕಿದ್ದೀನಿ. ಕಣ್ತಪ್ಪಲ್ಲ, ತಿಳಿದೇ ಹಾಕಿದ್ದು. ಆಕೆ ನನ್ನ ಹೆಂಡತಿ."

ತಲೆಯ ಮೇಲಿನ ಸೀಳಿನಲ್ಲಿ ಯಾರದೋ ಕಾಲುಗಳು ಬಂದು ನಿಂತು, ಏನನ್ನೋ ಮರೆತವರಂತೆ ಹಿಂದಿರುಗಿ ಹೋದವು. ಡಾಕ್ಟರಮ್ಮ ಕೂತಳು. ಸಿಟ್ಟು ಬರುತ್ತದೆಂದು ಅವನು ಕಾದ. ಬಂದದ್ದು ಬೇರೆ. ಅವಳ ಕಣ್ಣು ತುಂಬಿತ್ತು, ಹಾಗೆಂದು ದನಿ ಸಡಿಲವಾಗಿರಲಿಲ್ಲ.

"ನನ್ನ ಮುಂದೇ ದಿನಾ ಕೂತಿದ್ರಿ. ಒಂದು ಮಾತು ಹೇಳಬಾರದಿತ್ತಾ?" ಪಟ್ಟಿಯತ್ತ ನೋಡಿ, "ಉಳಿದವರು?" ಎಂದಳು.

"ಉಳಿದವರೆಲ್ಲ ನಿಜ. ದೇವರಾಣೆ."

"ನೀವು ಆಣೆ ಮಾಡಿದ್ರೆ ನನಗೆ ಸಾಕು ತಾತ. ಕಾಗದಕ್ಕೆ ಸಾಕಾಗಲ್ಲ."

ಮೂವತ್ತನಾಲ್ಕು ವರ್ಷದ ಹೆಸರು ಒಂದು ಮಾತಿನಲ್ಲಿ ನೆಲಕ್ಕೆ ಬಿತ್ತು. ಬಿದ್ದದ್ದು ಸರಿಯಾಗಿಯೇ ಬಿತ್ತು ಎನ್ನಿಸಿತು ಅವನಿಗೆ. ಎರಡನೆಯ ಹಾಳೆಗಳ ಅಭ್ಯಾಸವನ್ನೂ ಹೇಳಿದ, ಕಪಾಟಿನಿಂದ ಕಡತ ತೆಗೆದು ತೋರಿಸಿದ. ಅವಳು ಅದನ್ನು ಎರಡು ಸಲ ಓದಿ, ಇದನ್ನು ನಾಳೆಯೇ ಮೇಲಿನವರಿಗೆ ಹೇಳಬೇಕೆಂದು ಚೀಟಿ ಬರೆದಿಟ್ಟುಕೊಂಡಳು. ಆಮೇಲೆ ಕಂಪ್ಯೂಟರಿನಲ್ಲಿ ನೂರ ಹದಿನೇಳನ್ನು ತೆರೆದು, ತಾನು ಎದ್ದು ಕುರ್ಚಿಯನ್ನು ಇವನಿಗೆ ಬಿಟ್ಟಳು. ತಾರೀಕು ಕೇಳಲಿಲ್ಲ. ಅವನೇ ಒಂದೊಂದು ಅಂಕಿ ಹುಡುಕಿ ಒತ್ತಿದ. ಕಾರಣದ ಕಾಲಮಿನಲ್ಲಿ ಜ್ವರ ಎಂದು ಹಾಕಿದ, ಎದೆಗೆ ಇಳಿದ ಜ್ವರ. ಅದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿರಲಿಲ್ಲ, ಇವನಿಗೂ.

ಆಗ ತಲೆಯೆತ್ತಿ ಚಿತ್ರ ನೋಡಿದ. ಹಳದಿಯ ಒಂದು ತೆಳ್ಳನೆಯ ವೃತ್ತ. ಬೆನ್ನಿನ ಕಡೆ ಮೂಳೆಯ ಎರಡೂ ಪಕ್ಕದಲ್ಲಿ ಸಣ್ಣ ಎಲೆಗಳಂತೆ ಕೆಂಪು. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದ ಸೊಂಟ. ಇಷ್ಟೇ ಇತ್ತು.

"ಅವಳು ಮಹಡಿ ಹತ್ತಿದ್ದು ಇದರಲ್ಲಿ ಕಾಣುತ್ತಾ ಅಮ್ಮ?"

"ಇದು ಆಪರೇಷನ್ನಿನ ಹಿಂದಿನ ದಿನದ್ದು ತಾತ. ಆಮೇಲಿನದು ಏನೂ ಇದರಲ್ಲಿಲ್ಲ."

"ನಡೆದದ್ದಕ್ಕೇ ಅಷ್ಟು ವರ್ಷ ಇದ್ದಳಾ?"

"ಒಬ್ಬರ ವಿಷಯ ನನಗೆ ಹೇಳೋಕೆ ಬರಲ್ಲ. ಮುನ್ನೂರು ಜನರದ್ದು ಕೇಳಿ, ಹೇಳ್ತೀನಿ." ಅವಳು ಮೂಗು ಒರೆಸಿಕೊಂಡಳು. "ಆದ್ರೆ ಇವರ ಅಕ್ಕಪಕ್ಕದ ಒಂಬತ್ತು ಜನ ನಾಲ್ಕು ವರ್ಷ ದಾಟಲಿಲ್ಲ ಅಂದೆನಲ್ಲ, ಅದು ಸುಳ್ಳಲ್ಲ. ಇವರು ಏಳಕ್ಕೆ ಹತ್ತಿರ ಹತ್ತಿರ ಇದ್ದರು. ಅದೂ ಸುಳ್ಳಲ್ಲ."

ಪಟ್ಟಿಯ ಮೊದಲನೆಯ ಪುಟವನ್ನು ತಿರುಗಿಸಿ ಇವನ ಮುಂದೆ ಇಟ್ಟಳು. ಇದ್ದಾರೆ ಎಂದು ಗುರುತು ಹಾಕಿದ ನೂರ ತೊಂಬತ್ತೊಂದು ಮನೆಗಳಿಗೂ ಮತ್ತೆ ಫೋನು ಮಾಡಬೇಕು, ಅವಳು ಕೇಳಿಸಿಕೊಳ್ಳುವಂತೆ, ಇವತ್ತೇ ಶುರು. ಪ್ರಾಯಶ್ಚಿತ್ತವೆಂದರೆ ಇಷ್ಟು ಸುಲಭವೇ ಎಂದುಕೊಂಡು ಅವನು ಮೊದಲನೆಯ ನಂಬರು ಒತ್ತಿ, ಇಬ್ಬರಿಗೂ ಕೇಳುವಂತೆ ಸ್ಪೀಕರಿನ ಗುಂಡಿಯನ್ನೂ ಒತ್ತಿದ. ಏಳೆಂಟು ಸಲ ರಿಂಗಾದ ಮೇಲೆ ಗಂಡು ದನಿಯೊಂದು ಏದುತ್ತ ಬಂತು.

"ಯಾರ್ರೀ?"

"ಆಸ್ಪತ್ರೆಯಿಂದ, ಯಜಮಾನರೇ. ನಿಮ್ಮ ಆರೋಗ್ಯ ಹೇಗಿದೆ ಅಂತ..."

"ಇದ್ದೀನಿ ಕಣ್ರೀ, ಇದ್ದೀನಿ! ಹೋದ ವಾರ ತಾನೇ ಕೇಳಿದ್ರಿ, ಈಗ ಮತ್ತೆ. ಅಷ್ಟರಲ್ಲೇ ಹೋಗಿಬಿಡ್ತೀನಿ ಅಂತಾನಾ? ಗಿಡಕ್ಕೆ ನೀರು ಹಾಕ್ತಿದ್ದೆ, ಹಿತ್ತಲಿಂದ ಓಡಿ ಬಂದೆ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ತಪ್ಪಾಯಿತು. ನಮ್ಮ ಕಾಗದದಲ್ಲಿ ನಂದೊಂದು ತಪ್ಪಿತ್ತು, ಅದಕ್ಕೇ ಎಲ್ಲರಿಗೂ ಮತ್ತೆ ಮಾಡ್ತಿದ್ದೀನಿ."

"ಅಯ್ಯೋ ಇರ್ಲಿ ಬಿಡಿ." ಆ ದನಿ ಉಸಿರು ತೆಗೆದುಕೊಂಡಿತು. "ನೀವು ಚೆನ್ನಾಗಿದ್ದೀರಾ? ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?"

ಯಾರಾದರೂ ಕೇಳುವ ಮಾತು. ಎಲ್ಲರೂ ಇದಕ್ಕೆ ಹ್ಞೂಂ ಎಂದು ಮುಗಿಸುತ್ತಾರೆ. ಇವನೂ ಹದಿನಾಲ್ಕು ತಿಂಗಳಿಂದ ಹಾಗೆಯೇ ಮುಗಿಸಿದ್ದ.

"ನನ್ನ ಹೆಂಡತಿ ಹೋಗಿಬಿಟ್ಟಳು" ಎಂದ. "ಅವಳಿಗೂ ನಿಮ್ಮದೇ ಆಪರೇಷನ್ನು. ಸುಮಾರು ಏಳು ವರ್ಷ ಇದ್ದಳು. ದಿನಾ ಕೆರೆ ಸುತ್ತ ನಡೀತಿದ್ದಳು."

ಹಿತ್ತಲಲ್ಲಿ ನಿಲ್ಲಿಸದೆ ಬಂದ ನಲ್ಲಿಯಿರಬೇಕು, ಆ ಕಡೆಯಿಂದ ನೀರು ಸುರಿಯುವ ಸದ್ದು ಬರುತ್ತಿತ್ತು. ಆಮೇಲೆ ಆ ಮನುಷ್ಯನ ದನಿ ಮತ್ತೆ ಬಂತು.

"ನೋಡಿ, ಇನ್ನು ಮೂರು ತಿಂಗಳಿಗೆ ಮರೀದೆ ಫೋನ್ ಮಾಡಿ. ನಾನೇ ಎತ್ತೀನಿ. ಇರ್ತೀನಿ."

"ಮಾಡ್ತೀನಿ" ಎಂದ ಗುಮಾಸ್ತ. ಮೊದಲನೆಯ ಸಾಲಿನಲ್ಲಿ ಗುರುತು ಹಾಕಿದ. ಇನ್ನು ನೂರ ತೊಂಬತ್ತು ಮನೆಗಳಿದ್ದವು.